ಸಾಲಿನ ಕೊನೆಯ ಜಾಗ

ಕಡೂರಿನ ನಮ್ಮ ಕಾಲೇಜಿನಲ್ಲಿ ಕೆಡೆಟ್‌ಗಳಿಗೆ ತರಬೇತಿ ಕೊಡುತ್ತಿದ್ದ ಮೇಷ್ಟ್ರು ಸಾಲಿನ ಮುಂದೆ ನಡೆದದ್ದನ್ನು ನಾನು ನೋಡಲೇ ಇಲ್ಲ. ಟೋಪಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಯಾರದೋ ಬಿಚ್ಚಿಹೋದ ಶೂ ಲೇಸು ತೋರಿಸುತ್ತಾ, ಎಲ್ಲರಿಗಿಂತ ಹಿಂದೆ ಬರುತ್ತಿದ್ದರು. ಏನು ಕೇಳಿದರೂ ಒಂದೇ ಮಾತು: “ನನ್ನೇನ್ ನೋಡ್ತೀಯ? ನಿನ್ ಹಿಂದೆ ಬರೋರ್ನ ನೋಡು.” ಆಗ ರೇಗುತ್ತಿತ್ತು. ಈಗ ನಾನೇ ಶಾಲೆಯಲ್ಲಿ ಮಕ್ಕಳನ್ನು ಸಾಲು ನಿಲ್ಲಿಸುವಾಗ ಅವರ ಋಣ ನೆನಪಾಗುತ್ತದೆ.

ಲಿಂಗದಹಳ್ಳಿ ಕಡೆಯ ಶಿಬಿರದಲ್ಲಿ ಒಂದು ಬೆಳಿಗ್ಗೆ ತಂಡವನ್ನು ಗುಡ್ಡಕ್ಕೆ ಕರೆದೊಯ್ಯುವ ಜವಾಬ್ದಾರಿ ನನ್ನದಾಯಿತು. ದಾರಿ ಕವಲೊಡೆದಲ್ಲಿ ಅಗಲವಾದದ್ದನ್ನೇ ಹಿಡಿದೆ. ಅದು ದನಗಳು ತುಳಿದು ಮಾಡಿದ ದಾರಿ. ನೇರವಾಗಿ ಕಟ್ಟೆಯ ನೀರಿಗೆ ಹೋಗಿ ನಿಂತಿತು. ಬಿಸಿಲೇರಿತ್ತು, ಹುಡುಗಿಯರು ಗೊಣಗುತ್ತಿದ್ದರು. ನಾನು ಹಿಂದಕ್ಕೆ ಓಡಿ, “ದಾರಿ ತಪ್ಪಿದೀವಿ ಸಾರ್” ಎಂದೆ.

“ನಂಗ್ಯಾಕಮ್ಮ ಹೇಳ್ತೀಯ? ನಿನ್ನ ನಂಬ್ಕೊಂಡು ಬಂದೋರಿಗೆ ಹೇಳು.”

ಮತ್ತೆ ಮುಂದಕ್ಕೆ ಹೋಗಿ ಹೇಳಿದೆ. ಯಾರೂ ನಗಲಿಲ್ಲ. “ಸರಿ ಬಿಡೇ, ಈಗ ಯಾವ ಕಡೆ?” ಎಂದಳು ಒಬ್ಬಳು.

“ಪೀಛೇ ಮುಡ್” ಎಂದು ಕೂಗಿದೆ. ಎಲ್ಲರೂ ನಿಂತಲ್ಲೇ ಹಿಂದಕ್ಕೆ ತಿರುಗಿದರು. ಈಗ ಮೇಷ್ಟ್ರು ಎಲ್ಲರಿಗಿಂತ ಮುಂದೆ, ನಾನು ಕೊನೆಯವಳು. ಇನ್ನು ಅವರೇ ನಡೆಸುತ್ತಾರೆ ಎಂದು ಒಳಗೊಳಗೇ ಸಮಾಧಾನವಾಯಿತು. ಅವರು ಮಾತ್ರ ದಾರಿ ಬಿಟ್ಟು, ಲಂಟಾನದ ಪೊದೆಗೆ ಒತ್ತಿಕೊಂಡು ನಿಂತರು. ಸಾಲೆಲ್ಲ ದಾಟಿದ ಮೇಲೆ ನನ್ನ ಬೆನ್ನ ಹಿಂದೆ ಬಂದು ಸೇರಿಕೊಂಡರು.

“ಇದು ನನ್ ಜಾಗ ಕಣಮ್ಮ. ನಿಂದು ಮುಂದಿದೆ, ಓಡು.”