ಖಂಡೇಪೂಜೆಯ ದಿನ ಅತ್ತೆಯ ಜೊತೆ ಹಾರಿದ್ದು

ಯಂತ್ರ ಅಂದರೆ ನಮ್ಮ ಅತ್ತೆಗೆ ಭಾರಿ ಭಕ್ತಿ. ಖಂಡೇಪೂಜೆ, ಅಂದರೆ ದಸರೆಯ ಆಯುಧಪೂಜೆ, ಬಂತೆಂದರೆ ನಮ್ಮ ಕ್ವಾರ್ಟರ್ಸಿನಲ್ಲಿ ಒಂದು ಸ್ಕ್ರೂಡ್ರೈವರು ಕೂಡ ವಿಭೂತಿಯಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಸ್ಕೂಟರು, ಮಿಕ್ಸರು, ಹೊಲಿಗೆ ಯಂತ್ರ, ಎಲ್ಲಕ್ಕೂ ಒದ್ದೆ ವಿಭೂತಿಯ ಮೂರು ಬೆರಳು, ನಡುವೆ ಕುಂಕುಮ, ಮೇಲೊಂದು ಹೂ. ಹೂ ನಿಲ್ಲಲು ಜಾಗ ಇಲ್ಲದಿದ್ದರೆ ಎಲ್ಲಿ ತೂತು ಕಂಡಿತೋ ಅಲ್ಲಿ ಸಿಗಿಸುವುದು. ಒಂದು ಸಲ ನನ್ನ ಕಂಪ್ಯೂಟರಿನ ಫ್ಲಾಪಿ ಹಾಕುವ ಸೀಳಿನೊಳಗಿಂದ ಸೇವಂತಿಗೆ ಎಸಳನ್ನು ಚಿಮಟ ಹಾಕಿ ಎಳೆದಿದ್ದೆ. ಅವತ್ತು ಮಾತಿಗೆ ಮಾತು ಬೆಳೆದು, ಮಾಡಿದ ಹೋಳಿಗೆಯನ್ನು ಯಾರೂ ನೆಟ್ಟಗೆ ತಿನ್ನಲಿಲ್ಲ.

ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ಇದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಅತ್ತೆ ಕಲಬುರಗಿಯವರು, ನಮ್ಮ ಜೊತೆ ಹೈದರಾಬಾದಿನಲ್ಲೇ ಇದ್ದರು. ಗಂಡನಿಗೆ ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ನೌಕರಿ, ನನಗೆ ಗಚ್ಚಿಬೌಲಿಯಲ್ಲಿ ಸಾಫ್ಟ್‌ವೇರ್ ಕೆಲಸ. ಆ ವರ್ಷಗಳಲ್ಲಿ ಅಲ್ಲಿ ದಿನ ಬೆಳಗಾದರೆ ಒಂದು ಹೊಸ ಗಾಜಿನ ಕಟ್ಟಡ ಏಳುತ್ತಿತ್ತು. ಜೊತೆಯವರೆಲ್ಲ ಫ್ಲಾಟ್ ಬುಕ್ ಮಾಡುವ ಗಡಿಬಿಡಿಯಲ್ಲಿದ್ದಾಗ ನಾನು ಭಾನುವಾರಗಳಲ್ಲಿ ಪುಟ್ಟ ವಿಮಾನ ಹಾರಿಸಲು ಕಲಿತು ಪರವಾನಗಿಯನ್ನೂ ಪಡೆದೆ. ಅತ್ತೆ ಬಂದವರ ಮುಂದೆಲ್ಲ, "ನಮ್ಮ ಸೊಸಿ ಮನ್ಯಾಗೂ ಹಾರಾಡ್ತಾಳ, ಮ್ಯಾಲ ಹೋಗಿನೂ ಹಾರಾಡ್ತಾಳ," ಎಂದು ನಗುತ್ತಿದ್ದರು.

ಊರಾಚೆ, ಬಂಡೆಗಲ್ಲುಗಳ ನಡುವೆ ಇದ್ದ ಆ ಮೈದಾನದ ಸುಖವನ್ನು ಮನೆಯಲ್ಲಿ ಹೇಗೆ ಹೇಳಬೇಕೋ ನನಗೆ ತಿಳಿಯುತ್ತಿರಲಿಲ್ಲ. ಎರಡೇ ಸೀಟಿನ ವಿಮಾನ, ಹೊಲದ ಪಂಪಿನಷ್ಟೇ ಗದ್ದಲದ ಎಂಜಿನ್ನು. ಬೆಳಗಿನ ತಣ್ಣನೆ ಗಾಳಿಯಲ್ಲಿ ಚಕ್ರ ನೆಲ ಬಿಟ್ಟ ಕ್ಷಣ ಕುಂಡಿಯ ಕೆಳಗಿನ ಗಡಗಡ ತಟ್ಟನೆ ನಿಂತುಬಿಡುತ್ತದೆ. ಆ ಒಂದು ಕ್ಷಣಕ್ಕಾಗಿ ನಾನು ವಾರವಿಡೀ ಮ್ಯಾನೇಜರನ ಮಾತು ಕೇಳುತ್ತಿದ್ದೆ. ಮೇಲಿಂದ ನೋಡಿದರೆ ಕೆರೆಗಳು ಹೊಳೆಯುತ್ತಿದ್ದವು, ನಮ್ಮ ಆಫೀಸು ಎಲ್ಲಿದೆಯೆಂದು ಹುಡುಕಬೇಕಾಗುತ್ತಿತ್ತು.

"ನಾನೂ ಒಮ್ಮೆ ಬರ್ತೀನಿ," ಎಂದು ಅತ್ತೆ ತಾವಾಗಿಯೇ ಅಂದಾಗ ನಾನು ನಂಬಲಿಲ್ಲ. "ಆದ್ರ ಖಂಡೇಪೂಜಿ ದಿನ. ಪೂಜಿ ಮಾಡಿದ ಮ್ಯಾಲೆನ ಹತ್ತಾಕಿ." ಗಂಡ ಅವತ್ತು ಕಾರ್ಖಾನೆಯ ಪೂಜೆಗೆ ಹೋಗಬೇಕಿತ್ತು. ಹಾಗಾಗಿ ನಾವಿಬ್ಬರೇ ಹೊರಟೆವು. ಅತ್ತೆಯ ಮಡಿಲಲ್ಲಿ ಹೂವಿನ ಪುಟ್ಟಿ ಇತ್ತು.

ಅಲ್ಲಿ ನಮಗೆ ಕಲಿಸುತ್ತಿದ್ದವರು ವಾಯುಸೇನೆಯಿಂದ ನಿವೃತ್ತರಾದ ತೆಲುಗಿನವರು. ಎಲ್ಲರ ಜೊತೆಗೂ ಹಿಂದಿಯಲ್ಲೇ ಮಾತು. ಹಾರುವ ಮುಂಚೆ ವಿಮಾನದ ಸುತ್ತ ಒಂದು ಸುತ್ತು ಬಂದು ಎಲ್ಲವನ್ನೂ ಮುಟ್ಟಿ ನೋಡಬೇಕೆಂಬುದು ಅವರ ಕಟ್ಟಪ್ಪಣೆ. ನೋಡಿದೆ. ಎಡ ರೆಕ್ಕೆಯ ಕೆಳಗೆ ಬೆರಳುದ್ದದ ಒಂದು ನಳಿಗೆ ಮುಂದಕ್ಕೆ ಬಾಯಿ ತೆರೆದುಕೊಂಡಿರುತ್ತದೆ. ಎದುರಿನ ಗಾಳಿ ಅದರೊಳಗೆ ನುಗ್ಗುವ ಒತ್ತಡವನ್ನು ಅಳೆದೇ ಒಳಗಿನ ಗಡಿಯಾರ ವಿಮಾನದ ವೇಗ ತೋರಿಸುವುದು. ಅದನ್ನೂ ನೋಡಿದೆ, ಸ್ವಚ್ಛವಾಗಿತ್ತು. ಆಮೇಲೆ ಅತ್ತೆಯ ಪೂಜೆ ಶುರುವಾಯಿತು. ಮೂತಿಗೆ ವಿಭೂತಿ, ಚಕ್ರಕ್ಕೆ ವಿಭೂತಿ, ಪ್ರೊಪೆಲರಿಗೆ ಚೆಂಡುಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. ಗುರುಗಳೂ ಚಪ್ಪಲಿ ಕಳಚಿ ಕೈಮುಗಿದು ನಿಂತರು. ನಾನು ರೇಡಿಯೋ ಸರಿ ಮಾಡುತ್ತ ಒಳಗೆ ಕುಳಿತಿದ್ದೆ. ಹೊರಡುವಾಗ ಹಾರ ತೆಗೆಸಿದೆವು. ಪೂಜೆ ಆದಮೇಲೆ ಇನ್ನೊಂದು ಸುತ್ತು ನೋಡಬೇಕೆಂದು ನನಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ. ದೇವರ ಕೆಲಸ ಮುಗಿದಮೇಲೆ ವಿಮಾನವನ್ನು ಯಾರು ಅನುಮಾನಿಸುತ್ತಾರೆ?

ಓಡುವಾಗ ವೇಗದ ಮುಳ್ಳು ಸರಿಯಾಗೇ ಎದ್ದಿತು. ಚಕ್ರ ನೆಲ ಬಿಟ್ಟಿತು. ಅತ್ತೆ ಕಣ್ಣು ಮುಚ್ಚಿದವರು ಒಂದನ್ನು ತೆರೆದರು, ಆಮೇಲೆ ಎರಡನ್ನೂ. ಹೆಡ್‌ಫೋನಿನಲ್ಲಿ ಅವರ ದನಿ ಬಂತು, "ಅಯ್ಯ, ಭಾಳ ಛಂದ ಐತಿ!"

ನಾನು ಅವರ ಮುಖ ನೋಡಿ ನಕ್ಕು, ಮುಂದೆ ತಿರುಗಿ ಗಡಿಯಾರ ನೋಡಿದೆ. ಮುಳ್ಳು ಇರಬೇಕಾದ ಜಾಗಕ್ಕಿಂತ ಮೇಲಿತ್ತು. ಏರಿದಷ್ಟೂ ಅದೂ ಏರುತ್ತಿತ್ತು. ಎಂಜಿನ್ನಿನ ಸದ್ದು ಬದಲಾಗಿರಲಿಲ್ಲ, ಮೂತಿಯೂ ಇದ್ದಲ್ಲೇ ಇತ್ತು. ಹಾಗಿರುವಾಗ ವೇಗ ಎಲ್ಲಿಂದ ಬರಬೇಕು? ಏರುವುದನ್ನು ನಿಲ್ಲಿಸಿ ಎಂಜಿನ್ನಿನ ಜೋರು ತಗ್ಗಿಸಿದೆ. ಮುಳ್ಳು ಅಲ್ಲಾಡಲಿಲ್ಲ. ಗಾಜಿನ ಮೇಲೆ ಬೆರಳಿಂದ ಬಡಿದೆ. ಇಲ್ಲ.

ವೇಗ ತಿಳಿಯದೆ ಗಾಳಿಯಲ್ಲಿ ಇರಬಹುದು, ಇಳಿಯುವುದು ಕಷ್ಟ. ತೀರಾ ನಿಧಾನವಾದರೆ ರೆಕ್ಕೆ ಗಾಳಿಯ ಹಿಡಿತ ಕಳೆದುಕೊಂಡು ವಿಮಾನ ಕಲ್ಲಿನ ಹಾಗೆ ಬೀಳುತ್ತದೆ. ಜೋರಾದರೆ ನೆಲಕ್ಕೆ ಕೂರದೆ ತೇಲುತ್ತ ಹೋಗುತ್ತದೆ. ನಮ್ಮ ಓಟದ ದಾರಿ ಗಿಡ್ಡ, ಅದರ ತುದಿಗೆ ಆನೆಗಾತ್ರದ ಬಂಡೆಗಳು. ಪಕ್ಕದ ಸೀಟಿನಲ್ಲಿ ಗಂಡನನ್ನು ಹೆತ್ತವಳು ಕೆಳಗಿನ ಕೆರೆ ನೋಡಿ ಖುಷಿಪಡುತ್ತಿದ್ದಾಳೆ.

ರೇಡಿಯೋದಲ್ಲಿ ಹೇಳಿದೆ. ಗುರುಗಳು, "ರೆಕ್ಕೆ ಕೆಳಗಿನ ನಳಿಗೆಯಲ್ಲಿ ಏನೋ ಸಿಕ್ಕಿಕೊಂಡಿದೆ. ಕಣಜದ ಹುಳ ಇರಬಹುದು. ಘಬರಾನಾ ನಹೀ," ಅಂದರು. ಅವರ ಮಾತು ಇಬ್ಬರ ಕಿವಿಗೂ ಬಿತ್ತು. ಅತ್ತೆಗೆ ಹಿಂದಿ ಚೆನ್ನಾಗಿಯೇ ಬರುತ್ತದೆ, ಕಲಬುರಗಿಯ ಮಾರ್ಕೆಟ್ಟಿನಲ್ಲಿ ಬೆಳೆದವರು. ಅವರು ಕೆರೆ ನೋಡುವುದನ್ನು ಬಿಟ್ಟು ತಮ್ಮ ಕೈಗಳನ್ನು ನೋಡಿಕೊಂಡರು. ದೇವರ ಧ್ಯಾನ ಮಾಡುತ್ತಿದ್ದಾರೆ ಅಂದುಕೊಂಡೆ.

"ಏನರ ತ್ರಾಸ ಐತೇನು?" ಎಂದು ಕೇಳಿದರು.

"ಏನಿಲ್ರಿ ಅತ್ತಿ. ಒಂದು ಗಡಿಯಾರ ಕೆಟ್ಟೈತಿ ಅಷ್ಟ."

"ಹಂಗಾರ ಅದನ್ನ ನೋಡಬ್ಯಾಡ," ಅಂದರು.

ಗುರುಗಳೂ ಅದನ್ನೇ ಹೇಳಿದರು. ಇಳಿಯತೊಡಗಿದರೆ ಆ ಮುಳ್ಳು ತಾನೂ ಇಳಿಯುತ್ತದೆ, ವೇಗ ಸತ್ತುಹೋಯಿತೆಂದು ಹೆದರಿಸುತ್ತದೆ, ಹೆದರಿ ಮೂತಿ ಬಗ್ಗಿಸಿದರೆ ಕೆಲಸ ಕೆಡುತ್ತದೆ, ಅದನ್ನು ಮುಚ್ಚಿಬಿಡು. ಕಲಿಯುವಾಗ ಅವರು ಎಷ್ಟೋ ಸಲ ಗಡಿಯಾರಗಳಿಗೆ ಕಾಗದ ಅಂಟಿಸಿ, ಕಿವಿಯಿಂದ ಹಾರಿಸು ಅನ್ನುತ್ತಿದ್ದರು. ನಾನು ಹಲ್ಲು ಕಚ್ಚಿಕೊಂಡು ಹಾರಿಸಿದ್ದೆ. ಈಗ ಕಾಗದ ಇರಲಿಲ್ಲ, ನನ್ನ ಎರಡು ಕೈಗೂ ಕೆಲಸವಿತ್ತು.

"ಅತ್ತಿ, ಆ ಗಡಿಯಾರದ ಮ್ಯಾಲ ಕೈ ಇಡ್ರಿ. ನಾ ಹೇಳೂಮಟ ತೆಗೀಬ್ಯಾಡ್ರಿ."

ಏಕೆಂದು ಕೇಳಲಿಲ್ಲ. ಸೀಟಿನ ಪಟ್ಟಿಯೊಳಗಿಂದ ಮುಂದಕ್ಕೆ ಬಾಗಿ ಅಂಗೈಯನ್ನು ಗಾಜಿಗೆ ಒತ್ತಿ ಹಿಡಿದರು. ಬೆರಳುಗಳ ಮೇಲೆ ಒಣಗಿದ ವಿಭೂತಿ, ಮಣಿಕಟ್ಟಿನಲ್ಲಿ ಹಸಿರು ಬಳೆ.

ಎಂಜಿನ್ನನ್ನು ರೂಢಿಯ ಸದ್ದಿಗೆ ಇಳಿಸಿದೆ. ಮೂತಿಗೂ ದಿಗಂತಕ್ಕೂ ನಡುವೆ ಎಷ್ಟು ಅಂತರವಿರಬೇಕು ಅನ್ನುವುದು ಕಣ್ಣಿಗೆ ಗೊತ್ತಿತ್ತು, ಗಾಳಿಯ ಸುಂಯ್ ಹೇಗಿರಬೇಕು ಅನ್ನುವುದು ಕಿವಿಗೆ. ಆದರೆ ಹೆದರಿಕೆ ಇದೆಯಲ್ಲ, ಅದು ಕೈಯನ್ನು ತನ್ನ ಕಡೆ ಎಳೆಯುತ್ತದೆ. ಬೀಳುತ್ತೇನೆಂಬ ದಿಗಿಲಿಗೆ ಜೋರಾಗಿ ಬಂದೆ. ದಾರಿಯ ಅರ್ಧ ಮುಗಿದರೂ ಚಕ್ರ ನೆಲ ಮುಟ್ಟಲಿಲ್ಲ. ಬಂಡೆಗಳು ಕಣ್ಣೆದುರೇ ದೊಡ್ಡದಾಗತೊಡಗಿದವು. ಪೂರ್ತಿ ಎಂಜಿನ್ನು ಕೊಟ್ಟು ಮೇಲೆತ್ತಿದೆ. ಬಂಡೆಯ ಮೇಲೆ ಕುಳಿತ ಆಡೊಂದು ತಲೆಯೆತ್ತಿ ನಮ್ಮನ್ನು ನೋಡಿದ್ದು ಕಾಣಿಸಿತು.

ಅತ್ತೆ ಕಿರುಚುತ್ತಾರೆಂದು ಕಾದೆ. ಕಿರುಚಲಿಲ್ಲ. ಅಂಗೈ ಇಟ್ಟಲ್ಲೇ ಇತ್ತು, ಬಳೆಗಳೂ ಸದ್ದು ಮಾಡಲಿಲ್ಲ. "ಅವಸರ ಮಾಡಬ್ಯಾಡ ಯವ್ವಾ," ಅಂದರು, "ನಮಗೇನು ಬಸ್ ತಪ್ಪತೈತೇನು?"

ನನಗೆ ಆ ಹೊತ್ತಿನಲ್ಲೂ ನಗು ಬಂತು. ನಕ್ಕಾಗ ಹೆಗಲು ಸಡಿಲವಾಯಿತು. ಎರಡನೆಯ ಸಲ ದೂರದಿಂದಲೇ ನಿಧಾನಕ್ಕೆ ತಂದೆ. ಗುರುಗಳು ಕೆಳಗಿನಿಂದ, ಸರಿ ಇದೆ, ಹಾಗೇ ಇರಲಿ, ಹಾಗೇ ಇರಲಿ, ಅನ್ನುತ್ತಲೇ ಇದ್ದರು. ಗಾಳಿಯ ಸುಂಯ್ ತೆಳುವಾಯಿತು. ಮೂತಿಯನ್ನು ಕೂದಲೆಳೆಯಷ್ಟು ಎತ್ತಿ ಹಿಡಿದೆ. ಚಕ್ರ ಒಮ್ಮೆ ಕುಪ್ಪಳಿಸಿ ಕೂತಿತು. ಬಂಡೆಗಳಿಗೆ ಇನ್ನೂ ಎಷ್ಟೋ ದೂರವಿರುವಾಗಲೇ ನಿಂತೆವು.

"ಈಗ ಕೈ ತೆಗೀರಿ," ಅಂದೆ. ಅತ್ತೆ ತೆಗೆದರು. ಮುಳ್ಳು ಆಗಲೂ ಸುಳ್ಳೇ ಹೇಳುತ್ತಿತ್ತು.

ಗುರುಗಳು ಓಡಿ ಬಂದು ರೆಕ್ಕೆಯ ಕೆಳಗೆ ಬಗ್ಗಿದರು. ಸಣ್ಣ ತಂತಿಯಿಂದ ಕೆದಕಿ ಎಳೆದದ್ದನ್ನು ಅಂಗೈ ಮೇಲಿಟ್ಟು ನನಗೆ ತೋರಿಸಿದರು. ಸೇವಂತಿಗೆಯ ಹಸಿರು ತೊಟ್ಟು, ಅದಕ್ಕೆ ಮೆತ್ತಿದ ವಿಭೂತಿ. ಹೂವು ಗಾಳಿಗೆ ಹಾರಿಹೋಗಿತ್ತು, ತೊಟ್ಟು ಒಳಗೆ ನುಗ್ಗಿ ಬಿರಡೆ ಜಡಿದ ಹಾಗೆ ಕೂತಿತ್ತು. ಅದನ್ನು ನನ್ನ ಕೈಗೆ ಹಾಕಿ ವಿಮಾನ ನಿಲ್ಲಿಸುವ ಷೆಡ್ಡಿನ ಕಡೆ ನಡೆದರು.

ಅಷ್ಟು ಹೊತ್ತು ತಡೆದದ್ದೆಲ್ಲ ನೆತ್ತಿಗೇರಿತು.

"ಅತ್ತಿ, ಇದನ್ನ ನೀವ ಸಿಗಿಸಿದ್ದು!"

"ಹೌದು, ನಾನ."

"ಈಗ ಗೊತ್ತಾತೇನ್ರಿ, ಏನು ಮಾಡೀರಿ ಅಂತ?"

"ಈಗಲ್ಲ. ಮ್ಯಾಲ ಇದ್ದಾಗನ ಗೊತ್ತಾತು. ನಿಮ್ಮ ಸರ್ ನಳಿಗಿ ಅಂದ್ರಲ್ಲ, ಆವಾಗನ."

"ಮತ್ತ ಬಾಯಿ ಬಿಟ್ಟು ಹೇಳಾಕ ಏನಾಗಿತ್ರಿ!" ನಾನು ಕಿರುಚಿದ್ದು ಇಡೀ ಮೈದಾನಕ್ಕೆ ಕೇಳಿಸಿರಬೇಕು.

ಅತ್ತೆ ರೆಕ್ಕೆಯ ನೆರಳಿನಲ್ಲಿ ನೆಲದ ಮೇಲೆಯೇ ಕುಳಿತರು. ಮೇಲೆ ಕಲ್ಲಿನಂತಿದ್ದ ಆ ಕೈ ಈಗ ಗಡಗಡ ನಡುಗುತ್ತಿತ್ತು, ಬಳೆಗಳು ಒಂದಕ್ಕೊಂದು ಬಡಿಯುತ್ತಿದ್ದವು.

"ಹೇಳಿದ್ರ ನಿನಗ ಸಿಟ್ಟು ಬರ್ತಿತ್ತು," ಅಂದರು. "ಸಿಟ್ಟಿನ್ಯಾಗ ನೀ ಬಡದ ರೊಟ್ಟಿ ಒಂದರ ಹರೀಲಾರ್ದ ಉಳದೈತೇನು? ರೊಟ್ಟಿ ಹರದ್ರ ಹರೀಲಿ, ಮುರದು ತಿನ್ನಬಹುದು. ಅಲ್ಲಿ ನಿನ್ನ ಕೈ ನೆಟ್ಟಗ ಇರಬೇಕಿತ್ತು. ಅದಕ್ಕ ಸುಮ್ಮನ ಕುಂತೆ." ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನು ನೋಡಿದರು. "ಈಗ ನೆಲದ ಮ್ಯಾಲ ಅದೀವಿ. ಎಷ್ಟು ಬೈತಿ, ಬೈ."

ಬೈಯಲು ಬಾಯಿ ತೆರೆದೆ. ಆದರೆ ಅವರ ಪಕ್ಕದಲ್ಲಿ ಕುಳಿತು, ಆ ನಡುಗುವ ಕೈ ಹಿಡಿದುಕೊಂಡು, ಚಿಕ್ಕ ಹುಡುಗಿಯ ಹಾಗೆ ಅತ್ತುಬಿಟ್ಟೆ.