ಪಟ್ಟದ ಗೊಂಬೆಯ ಪೇಟ

ತುಮಕೂರಿನಲ್ಲಿ ಆಗ ನಮಗೆ ಗೊತ್ತಿದ್ದ ಮ್ಯೂಸಿಯಂ ಎಂದರೆ ಜನರ ಮನೆಯ ನಡುಮನೆ. ಅದೂ ನವರಾತ್ರಿಯಲ್ಲಿ ಮಾತ್ರ. ಸಂಜೆಯಾಗುತ್ತಲೇ ಜಡೆ ಹೆಣೆಸಿಕೊಂಡು, ಕೈಯಲ್ಲೊಂದು ಚೀಲ ಹಿಡಿದು, "ಗೊಂಬೆ ಕೂರ್ಸಿದೀರಾ?" ಎಂದು ಬಾಗಿಲು ಬಾಗಿಲಿಗೂ ಕೇಳಿಕೊಂಡು ಹೋಗುತ್ತಿದ್ದೆವು. ಯಾರ ಮನೆಯಲ್ಲಿ ಏನು ನೋಡಬೇಕೆಂಬುದು ನಾಲಗೆಯ ತುದಿಯಲ್ಲಿತ್ತು. ವಕೀಲರ ಮನೆಯಲ್ಲಿ ಕನ್ನಡಿಯ ಕೆರೆ, ಅದರ ಮೇಲೆ ಬಾತುಕೋಳಿ. ಶಿರಾ ಗೇಟಿನ ಬಟ್ಟೆ ಅಂಗಡಿಯವರ ಮನೆಯಲ್ಲಿ ತಟ್ಟೆಯಲ್ಲೇ ಬೆಳೆಸಿದ ರಾಗಿ ಪೈರಿನ ಪಾರ್ಕು. ಮೇಷ್ಟರ ಮನೆಯಲ್ಲಿ ಗೊಂಬೆ ಕಡಿಮೆ, ಉಪದೇಶ ಜಾಸ್ತಿ, ಕೊಡುವ ಕಡಲೆ ಉಸಲಿಯೂ ಸಪ್ಪೆ. ಅಲ್ಲಿಗೆ ಹೋಗಬೇಡಿ ಎಂದು ನಾನೇ ಬೀದಿಗೆಲ್ಲ ಸಾರಿದ್ದೆ.

ನಮ್ಮ ಮನೆಗೆ ಹೆಸರು ತಂದಿದ್ದು ಪಟ್ಟದ ಗೊಂಬೆ. ಮದುವೆಯಲ್ಲಿ ತವರಿನವರು ಮಗಳಿಗೆ ಕೊಡುವ ರಾಜ ರಾಣಿಯರ ಜೋಡಿ ಅದು. ಅಮ್ಮನದು ತವರೂರು ಗುಬ್ಬಿಯಿಂದ ಬಂದ ರಕ್ತಚಂದನದ ಜೋಡಿ, ಮೊಳದುದ್ದ. ರಾಜನಿಗೆ ಜರಿಪೇಟ, ಉದ್ದನೆಯ ಕೋಟು, ಹುರಿ ಮೀಸೆ. ಅಷ್ಟು ಚೆಂದದ ರಾಜ ತುಮಕೂರಿನಲ್ಲಿ ಇನ್ನೊಬ್ಬನಿರಲಿಲ್ಲ ಎಂದು ಇವತ್ತಿಗೂ ಪಂಥ ಕಟ್ಟಬಲ್ಲೆ.

ಆ ಬಟ್ಟೆಗಳನ್ನೆಲ್ಲ ಹೊಲಿಯುತ್ತಿದ್ದವಳು ದೊಡ್ಡಮ್ಮ, ಅಮ್ಮನ ಒಡಹುಟ್ಟಿದ ಅಕ್ಕ. ಅವಳನ್ನು ಕುಣಿಗಲ್ಲಿಗೆ ಕೊಟ್ಟಿದ್ದರು. ಮದುವೆಯಾದ ವರ್ಷವೇ ಗಂಡ ತೀರಿಕೊಂಡ. ಅಮ್ಮನಿಗೆ ಮದುವೆಯಾದ ಮೇಲೆ ನಮ್ಮ ಮನೆಗೇ ಬಂದು ನಿಂತಳು. ಗೊಂಬೆಯ ಕೋಟಿಗೆ ಅಮ್ಮ ದಾರದಲ್ಲಿ ಅಳತೆ ತಂದುಕೊಟ್ಟರೆ, ದೊಡ್ಡಮ್ಮ ಅಡಿಗೆಮನೆಯಲ್ಲೇ ಕೂತು ಹೊಲಿಯುವಳು, ಪೇಟದ ಬಟ್ಟೆಯ ಅಂಚಿಗೆ ಜರಿ ಹಾಕುವಳು. ಆದರೆ ಗೊಂಬೆ ಕೂತ ಮೇಲೆ ಅದರ ಮುಂದೆ ಬರುವಂತಿರಲಿಲ್ಲ. ಮುತ್ತೈದೆಯರು ಆರತಿ ಎತ್ತುವ ಜಾಗಕ್ಕೆ ವಿಧವೆ ಕಾಲಿಡಬಾರದು ಎಂದು ಅಪ್ಪನ ತಾಯಿ, ನಮ್ಮ ಅಜ್ಜಿಯ ಕಟ್ಟಪ್ಪಣೆ. ಹಬ್ಬ ಮುಗಿದ ಮರುದಿನವೇ ಅಮ್ಮ ಗೊಂಬೆಗಳನ್ನು ಸುತ್ತಿ ಟ್ರಂಕಿಗೆ ಹಾಕಿ ಬೀಗ ಜಡಿಯುತ್ತಿದ್ದಳು. ಹಾಗಾಗಿ ದೊಡ್ಡಮ್ಮನಿಗೆ ಉಳಿದದ್ದು ನನ್ನ ವರದಿ ಮಾತ್ರ.

"ಪೇಟ ಸರಿಯಾಗಿ ಕೂತಿದ್ಯೇನೇ?" ಎಂದು ಕೇಳುವಳು. "ಕೂತಿದೆ" ಅಂದರೆ ಸಾಲದು. ಯಾವ ಕಡೆ ವಾಲಿದೆ, ಜರಿ ಹಣೆಯ ಮೇಲೆ ಬಂದಿದೆಯೋ ಕಿವಿಯ ಮೇಲೋ, ಎಲ್ಲ ಹೇಳಬೇಕು. ತಾನು ಹೊಲಿದದ್ದನ್ನು ಗೊಂಬೆಯ ಮೈಮೇಲೆ ಒಂದು ಸಲ ಕಣ್ಣಾರೆ ನೋಡಬೇಕೆಂಬುದು ಅವಳ ಆಸೆ. ಅದಕ್ಕಿಂತ ದೊಡ್ಡದೇನನ್ನೂ ಅವಳು ಯಾರಲ್ಲೂ ಕೇಳಿದ್ದು ನಾನು ಕಾಣೆ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಆ ನವರಾತ್ರಿಗೆ ಹೆಂಗಸರೆಲ್ಲ ಸೇರಿ ಸ್ಕೂಲಿನ ಹಾಲ್‌ನಲ್ಲಿ ಗೊಂಬೆಗಳ ಎಕ್ಸಿಬಿಷನ್ ಇಟ್ಟರು. ಗುಬ್ಬಿ, ಕುಣಿಗಲ್ ಕಡೆಯಿಂದಲೂ ಗೊಂಬೆ ಬಂದವು. ನಮ್ಮ ಜೋಡಿಗೆ ನಡುವಿನ ಮೇಜು. ಸ್ಕೂಲೆಂದರೆ ಆರತಿಯಿಲ್ಲ, ಯಾರು ಬೇಕಾದರೂ ಬರಬಹುದು.

"ಈ ಸಲ ನಾನೂ ಬರ್ತೀನಿ ಕಣೇ" ಅಂದಳು ದೊಡ್ಡಮ್ಮ.

ಅಮ್ಮನ ಮುಖ ಹುಳ್ಳಗಾಯಿತು. "ಬೇಡ ಅಕ್ಕ. ಜನ ಜಾಸ್ತಿ, ನೂಕಾಡ್ತಾರೆ."

"ನೂಕ್ಲಿ ಬಿಡು. ನಾನೇನು ಸಕ್ಕರೆ ಗೊಂಬೆನಾ, ಪುಡಿಯಾಗಕ್ಕೆ?"

ಅಮ್ಮ ಅಕ್ಕನ ಆಸೆಗೆ ಅಡ್ಡ ಬರುವುದೆಂದರೇನು ಎಂದು ನನಗೆ ಕೋಪವೇ ಬಂತು. ನಾನೇ ದೊಡ್ಡಮ್ಮನ ಕೈ ಹಿಡಿದು ಕರೆದುಕೊಂಡು ಹೋದೆ.

ಬಹುಮಾನ ತೀರ್ಮಾನಿಸಲು ಬೆಂಗಳೂರಿನಿಂದ ಒಬ್ಬರು ಕಲಾವಿದರು ಬಂದಿದ್ದರು. ನಾವು ನಡುವಿನ ಮೇಜಿನ ಹತ್ತಿರ ಹೋಗುವುದಕ್ಕೂ ಅವರು ನಮ್ಮ ರಾಜನನ್ನು ಕೈಗೆತ್ತಿಕೊಳ್ಳುವುದಕ್ಕೂ ಸರಿಹೋಯಿತು. "ಬಟ್ಟೆ ಚೆನ್ನಾಗಿದೆ. ನಾನು ಕೆತ್ತನೆ ನೋಡ್ಬೇಕಲ್ಲ" ಎಂದು ಪೇಟ ತೆಗೆದರು. ಮೇಜಿನ ಪಕ್ಕದಲ್ಲೇ ನಿಂತಿದ್ದ ಅಮ್ಮ "ಬೇಡಿ ಸಾರ್" ಎಂದು ಕೈ ಚಾಚುವಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿತ್ತು.

ಪೇಟದ ಕೆಳಗೆ ತುರುಬಿತ್ತು. ಮರದಲ್ಲೇ ಕೆತ್ತಿದ ದುಂಡನೆಯ ತುರುಬು, ಸುತ್ತ ಹೂವಿನ ದಂಡೆ. ಆತ ಹುಬ್ಬು ಗಂಟಿಕ್ಕಿ ಹೆಬ್ಬೆರಳಿನಿಂದ ಮೀಸೆ ಉಜ್ಜಿದರು. ಮೀಸೆ ಬೆರಳಿಗೆ ಬಂತು. ಬರೀ ಕಾಡಿಗೆ. ಅದರಡಿ ಮುಚ್ಚಿಹೋಗಿದ್ದ ಮೂಗಿನ ನತ್ತು ಕಾಣಿಸಿತು.

"ಅಯ್ಯೋ, ಇದೂ ಹೆಣ್ಗೊಂಬೆ ಕಣ್ರೀ" ಎಂದರು ಪಕ್ಕದಲ್ಲಿದ್ದ ವಕೀಲರ ಹೆಂಡತಿ. ಸುತ್ತಲಿದ್ದವರೆಲ್ಲ ಮೇಜಿನತ್ತ ಕತ್ತು ಚಾಚಿದರು. ಹುಟ್ಟಿದಾಗಿನಿಂದ ನಾನು ಕೈಮುಗಿದ ರಾಜ ಹೆಂಗಸು. ವರ್ಷವೂ ಬಾಗಿಲು ಹಾಕಿಕೊಂಡು ಗೊಂಬೆ ಸಿಂಗರಿಸುತ್ತಿದ್ದ ಅಮ್ಮನೇ ಮೀಸೆ ಬರೆದಿದ್ದಾಳೆ. ಅಮ್ಮ ಸುಳ್ಳು ಹೇಳಬಲ್ಲಳೆಂದೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅಮ್ಮ ಯಾರ ಮುಖವನ್ನೂ ನೋಡಲಿಲ್ಲ, ದೊಡ್ಡಮ್ಮನನ್ನು ಮಾತ್ರ ನೋಡಿದಳು. "ಅಕ್ಕ, ಇದು ನಿಂದು" ಅಂದಳು.

ಆಮೇಲೆ ಬಿಟ್ಟು ಬಿಟ್ಟು ಹೇಳಿದಳು. ಕುಣಿಗಲ್ಲಿನಲ್ಲಿ ದೊಡ್ಡಮ್ಮನ ಗಂಡ ಹೋದಾಗ ಅವಳ ಪಟ್ಟದ ಜೋಡಿಯನ್ನು ಹಿರಿಯರು ಕೆರೆಗೆ ಹಾಕಲು ಹೊರಟಿದ್ದರಂತೆ. ರಾಜನನ್ನು ಹಾಕಿಯೂ ಬಿಟ್ಟರು. ಆಗಿನ್ನೂ ಲಂಗ ಉಡುತ್ತಿದ್ದ ಅಮ್ಮ ರಾಣಿಯನ್ನು ಲಂಗದ ನೆರಿಗೆಯಲ್ಲಿ ಅಡಗಿಸಿ ಗುಬ್ಬಿಗೆ ತಂದಿದ್ದಳು. ರಾಜನಿಲ್ಲದ ರಾಣಿಯನ್ನು ಕೂರಿಸಿದರೆ ಅಜ್ಜಿ ಸುಮ್ಮನಿರುತ್ತಾಳೆಯೇ? ಅದಕ್ಕೇ ತನ್ನ ರಾಜನನ್ನು ಟ್ರಂಕಿನ ತಳಕ್ಕೆ ಹಾಕಿ, ಅಕ್ಕನ ರಾಣಿಗೆ ಪೇಟ ಸುತ್ತಿ ತನ್ನ ರಾಣಿಯ ಪಕ್ಕದಲ್ಲಿ ಕೂರಿಸಿದ್ದಳು. ಅಕ್ಕ ಬರಬಾರದ ಜಾಗದಲ್ಲಿ ಅಕ್ಕನ ಗೊಂಬೆಯಾದರೂ ಆರತಿ ಮಾಡಿಸಿಕೊಳ್ಳಲಿ ಎಂದು.

ಹೆಂಗಸರು ಕಣ್ಣೊರೆಸಿಕೊಂಡರು. ದೊಡ್ಡಮ್ಮ ಅಮ್ಮನನ್ನು ತಬ್ಬಿಕೊಳ್ಳುತ್ತಾಳೆ ಎಂದುಕೊಂಡೆ. ಅವಳ ತುಟಿ ಅದುರುತ್ತಿತ್ತು. ಅದು ಸಿಟ್ಟು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

"ವರ್ಷಾ ವರ್ಷಾ ನನ್ನ ಕೈಲೇ ಪೇಟಕ್ಕೆ ಜರಿ ಹಾಕಿಸ್ದಲ್ಲೇ" ಅಂದಳು. "ನನ್ನ ರಾಣಿಗೆ ನಾನೇ ಗಂಡಸಿನ ಕೋಟು ಹೊಲ್ದೆ. ಒಂದು ಸಲ ಸೀರೆಗೆ ಜರಿ ಹಾಕು ಅಂದಿದ್ರೆ ಏನಾಗ್ತಿತ್ತು?"

"ಯಾರಾದ್ರೂ ಕೇಳಿದ್ರೆ ಏನು ಹೇಳ್ಲಿ ಅಂತ ಭಯ ಅಕ್ಕ."

"ನಂಗೆ ಹೇಳ್ಬೋದಿತ್ತು."



ದೊಡ್ಡಮ್ಮ ಕಲಾವಿದರ ಕೈಯಿಂದ ಗೊಂಬೆಯನ್ನೂ ಪೇಟವನ್ನೂ ಇಸಿದುಕೊಂಡು ಮಕ್ಕಳ ಬೆಂಚಿನ ಮೇಲೆ ಕೂತಳು. ಕೋಟು ಬಿಚ್ಚಿದಳು. ಮೀಸೆಯಲ್ಲಿ ಉಳಿದಿದ್ದ ಕಪ್ಪನ್ನು ಸೆರಗಿನಿಂದ ಒರೆಸಿದಳು. ಪೇಟವನ್ನು ಸುತ್ತು ಸುತ್ತಾಗಿ ಬಿಡಿಸಿದರೆ ಒಂದು ಸೀರೆಗೆ ಸಾಕಾಗುವಷ್ಟು ಬಟ್ಟೆ ಇತ್ತು. ನೆರಿಗೆ ಹಿಡಿದು ಉಡಿಸಿ, ಜರಿ ಅಂಚನ್ನು ಸೆರಗಿಗೆ ತಂದಳು. ಯಾರನ್ನೂ ಕೇಳದೆ ಮತ್ತೆ ನಡುವಿನ ಮೇಜಿನ ಮೇಲೆ ನಿಲ್ಲಿಸಿದಳು. ಮೇಜಿನ ಮೇಲೆ ಕುಂಕುಮದ ಭರಣಿ ಇತ್ತು. ಅದನ್ನು ಅವಳು ಮುಟ್ಟಲಿಲ್ಲ.

"ಹಣೆಗೆ ನೀನಿಡು" ಅಂದಳು ಅಮ್ಮನಿಗೆ.

ಅಮ್ಮ ಇಟ್ಟಳು.

"ಓರೆಯಾಯ್ತು" ಅಂದಳು ದೊಡ್ಡಮ್ಮ. ಅಮ್ಮ ಅಳಿಸಿ ಮತ್ತೆ ಇಟ್ಟಳು.