ಲಿಫ್ಟಿನ ಚಳವಳಿಗೆ ನಾನು ಕಟ್ಟಿದ ಬುತ್ತಿ

ಕೊಲ್ಲಿ ನಾಡಿನ ಜುಫೈರ್‌ನಲ್ಲಿರುವ ನಮ್ಮ ಕಟ್ಟಡದಲ್ಲಿ ಎರಡು ಲಿಫ್ಟುಗಳಿವೆ. ಕನ್ನಡಿ ಇರುವುದು ನಮಗೆ, ಹಿಂದುಗಡೆಯದು ಸಾಮಾನು ಸಾಗಿಸಲು. ಕಳೆದ ವರ್ಷ ಒಂದು ನೋಟಿಸು ಬಂತು. ಕೆನ್ಯಾದ ವಾಚ್‌ಮನ್ ಇನ್ನು ಸಾಮಾನಿನ ಲಿಫ್ಟಿನಲ್ಲೇ ಓಡಾಡಬೇಕಂತೆ. ಅವನ ಜೊತೆಗಾರ ಮಲಯಾಳಿಗೆ ಮಾತ್ರ ಈ ನಿಯಮವಿರಲಿಲ್ಲ. ಈ ನಿಯಮ ಬೇಕೆಂದು ಹದಿನಾಲ್ಕು ಮನೆಯವರು ಸಹಿ ಹಾಕಿ ಕೇಳಿಕೊಂಡಿದ್ದರು. ಅದರಲ್ಲಿ ನಮ್ಮದೂ ಒಂದು.

ಪಕ್ಕದ ಮನೆಯ ಮೈಸೂರಿನಾಕೆ ವರಮಹಾಲಕ್ಷ್ಮಿ ಹಬ್ಬಕ್ಕೆ ಕರೆದು, ಕುಂಕುಮ ಹಚ್ಚಿ, ಹೋಳಿಗೆ ಬಡಿಸಿ, ಆ ಕಾಗದವನ್ನೂ ಮುಂದಿಟ್ಟಿದ್ದರು. ತುಪ್ಪದ ಕೈ ಒರೆಸಿಕೊಂಡು ಸಹಿ ಮಾಡಿದೆ. ಹೋಳಿಗೆ ತಿಂದ ಬಾಯಲ್ಲಿ ಬೇಡ ಎನ್ನುವುದಾದರೂ ಹೇಗೆ?

ನನ್ನ ಹದಿನಾರರ ಮಗಳಿಗೆ ಇದು ಗೊತ್ತಿರಲಿಲ್ಲ. ಗೊತ್ತಾಗಬಾರದು ಎಂಬುದೇ ನನ್ನ ಚಿಂತೆ. ವರ್ಣಭೇದದ ವಿರುದ್ಧ ಶುಕ್ರವಾರ ಬೆಳಿಗ್ಗೆ ಕಟ್ಟಡದ ಮಕ್ಕಳೆಲ್ಲ ಫಲಕ ಹಿಡಿದು ನಿಲ್ಲುತ್ತೇವೆ, ಅದೂ ಗೇಟಿನ ಒಳಗೇ, ಎಂದಳು. ಅನುಮತಿಯಿಲ್ಲದೆ ರಸ್ತೆಯಲ್ಲಿ ಗುಂಪು ಸೇರುವ ಊರು ಇದಲ್ಲ ಎಂದು ನನಗೇ ಪಾಠ ಹೇಳಿದಳು. ಫೋನಿನಲ್ಲಿ ಪಟ್ಟಿಯೂ ಸಿದ್ಧವಿತ್ತು. ಯಾರೂ ಒಂಟಿಯಾಗಿರಬಾರದು, ಮುಖ ಕಾಣುವ ಫೋಟೊ ಹಾಕಬಾರದು, ಮನೆಯ ಫೋನ್ ನಂಬರನ್ನು ತೋಳಿನ ಮೇಲೆ ಬರೆದುಕೊಳ್ಳಬೇಕು, ಕೆಣಕಿದವರ ಜೊತೆ ವಾದಕ್ಕಿಳಿಯಬಾರದು. ಕುಡಿಯಲು ನೀರು ಇರಲೇಬೇಕು.

ನನಗೆ ಅಷ್ಟು ಸಾಕೆ? ಗುರುತಿನ ಸಿಪಿಆರ್ ಕಾರ್ಡು, ಅದರ ಎರಡು ಜೆರಾಕ್ಸು, ಗ್ಲೂಕೋಸ್, ತಲೆನೋವಿನ ಮುಲಾಮು, ಹತ್ತು ಜನಕ್ಕಾಗುವಷ್ಟು ಚಿತ್ರಾನ್ನ. ಸೀಫ್ ಬಡಾವಣೆಯ ಬ್ಯಾಂಕಿನಲ್ಲಿ ಕೆಲಸ ಮಾಡುವ ನನ್ನವರು ವೀಸಾ ರದ್ದಾಗುವ ಕನಸು ಕಂಡು ಎದ್ದರು. ಗೇಟಿನಿಂದ ಎಷ್ಟು ಟೈಲ್ಸ್ ಒಳಗೆ ನಿಂತರೆ ಕ್ಷೇಮ ಎಂದು ಬನಿಯನ್ನಿನಲ್ಲೇ ಕೆಳಗೆ ಹೋಗಿ ಎಣಿಸಿಕೊಂಡು ಬಂದರು. ಬಂದು, ಆರು, ಎಂದು ತೀರ್ಪು ಕೊಟ್ಟರು.

ಹೊರಡುವಾಗ ನಾನು ಮಗಳ ಮುಖಕ್ಕೆ ಸನ್‌ಸ್ಕ್ರೀನ್ ಮೆತ್ತುತ್ತಾ, ಬಿಸಿಲಲ್ಲಿ ನಿಂತು ಕಪ್ಪಾದರೆ ಆಮೇಲೆ ಕಷ್ಟ ಎಂದು ಬುದ್ಧಿ ಹೇಳಿದೆ. ಅವಳು ಕೈಯಲ್ಲಿದ್ದ ಫಲಕವನ್ನು ನನ್ನ ಕಡೆ ತಿರುಗಿಸಿದಳು. ‘ಎಲ್ಲ ಬಣ್ಣಕ್ಕೂ ಒಂದೇ ಲಿಫ್ಟು’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಅಕ್ಷರ ಚೆನ್ನಾಗಿದೆ ಎಂದು ಹೊಗಳಿ, ಕಿವಿಯ ಹಿಂದೆಯೂ ಹಚ್ಚಿ ಕಳಿಸಿದೆ.

ನೀರಿನ ಚೀಲ ಹೊತ್ತು ನಾನೂ ಹಿಂದೆಯೇ ಇಳಿದೆ. ಮಕ್ಕಳು ನಿಂತು ಹತ್ತು ನಿಮಿಷವಾಗಿರಲಿಲ್ಲ, ಕಟ್ಟಡದ ಮ್ಯಾನೇಜರ್ ಬಂದರು. ಗದರಲಿಲ್ಲ. ಎಲ್ಲರಿಗೂ ಜ್ಯೂಸ್ ತರಿಸಿ, ಈ ನಿಯಮ ನಾನು ಮಾಡಿದ್ದಲ್ಲ, ನಿಮ್ಮ ನಿಮ್ಮ ಮನೆಯವರೇ ಕೇಳಿದ್ದು ಎಂದು ಹಿಂದಿಯಲ್ಲಿ ಹೇಳಿ, ಫೈಲಿನಿಂದ ಕಾಗದ ತೆಗೆದರು. ಮಕ್ಕಳಲ್ಲಿ ದೊಡ್ಡವಳೆಂದು ನನ್ನ ಮಗಳ ಕೈಗೇ ಕೊಟ್ಟರು. ಅವಳು ಫ್ಲ್ಯಾಟುಗಳ ನಂಬರನ್ನು ಒಂದೊಂದಾಗಿ ಗಟ್ಟಿಯಾಗಿ ಓದತೊಡಗಿದಳು. ಗೇಟಿನ ಬಳಿ ಕೆನ್ಯಾದವನು ತಲೆ ತಗ್ಗಿಸಿ ಕೇಳುತ್ತಿದ್ದ. ಏಳನೆಯದಕ್ಕೆ ಅವಳ ದನಿ ನಿಂತಿತು. ನನಗೆ ನೆಲ ಬಿರಿಯಬಾರದೇ ಎನಿಸಿತು.

“ಅಮ್ಮ, ಓದಿ ಸೈನ್ ಮಾಡಿದ್ದಾ?”

ಓದಲಿಲ್ಲ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನಂಬಲು ಅವಳು ಸಿದ್ಧಳಾಗಿಯೇ ನಿಂತಿದ್ದಳು, ನಂಬುವ ಆಸೆಯೂ ಮುಖದಲ್ಲಿತ್ತು.

“ಓದಿಯೇ ಮಾಡಿದ್ದು,” ಎಂದೆ.

ಅವಳು ಮತ್ತೆ ಕಾಗದದತ್ತ ತಿರುಗಿದಳು. ಆಮೇಲೆ ನಮ್ಮ ಮನೆಯ ನಂಬರನ್ನೂ ಉಳಿದವುಗಳಷ್ಟೇ ಗಟ್ಟಿಯಾಗಿ ಓದಿದಳು.